ಉಡದಾರದ ಚಾವಿ

ಹೋದ ತಿಂಗಳು ನಾನು ಮೂವತ್ತು ವರ್ಷ ದುಡಿದ, ದಿಕ್ಕಿಲ್ಲದ ಮಕ್ಕಳ ಮನೆಗೆ ಹೋಗಿದ್ದೆ. ಹೊಸದಾಗಿ ಕೆಲಸಕ್ಕೆ ಸೇರಿದ ಮೂವರು ಹುಡುಗಿಯರನ್ನು ನನ್ನ ಮುಂದೆ ತಂದು ಕೂರಿಸಿದರು. ಮೂವರ ಹತ್ತಿರವೂ ಸರ್ಟಿಫಿಕೇಟು ಇದೆಯಂತೆ. ಅವರಲ್ಲಿ ಒಬ್ಬಳು ನಮ್ಮ ಕನ್ನಡದವರ ಮಗಳು, ಹುಟ್ಟಿ ಬೆಳೆದದ್ದು ಮುಂಬಯಿಯ ವಿಕ್ರೋಳಿ. ತಡವರಿಸಿಕೊಂಡು ಕೇಳಿದಳು, "ಅಜ್ಜಿ, ಈ ಬಚ್ಚೇ ಲೋಗಿಗೆ ಪ್ಯಾರ್ ಹೆಂಗ ಕೊಡೋದು?"

"ಪ್ಯಾರ್ ಆಮ್ಯಾಲ ನೋಡೋಣು. ಮೊದಲ ಉಗುರು ನೋಡು, ಕಿವಿ ಹಿಂದ ನೋಡು, ಮೈಮ್ಯಾಲ ಏನೈತಿ ನೋಡು" ಅಂದೆ.

ಅವಳ ಮುಖ ಸಣ್ಣದಾಯಿತು. ಪ್ರೀತಿಯ ದೊಡ್ಡ ಮಾತು ಬರುತ್ತದೆಂದು ಕಾದಿದ್ದಳು, ಮುದುಕಿ ಉಗುರಿನ ಮಾತು ಆಡಿದಳು. ಮೈಮೇಲೆ ಏನಿದೆ ನೋಡು ಎಂದು ನಾನು ಯಾಕೆ ಹೇಳಿದೆ ಎನ್ನುವುದನ್ನು ಅವಳ ಸಲುವಾಗಿ ಬರೆಯುತ್ತಿದ್ದೇನೆ. ನಾನು ಕಲಿತದ್ದು ನಾಲ್ಕನೇ ಇಯತ್ತೆ. ಒತ್ತು ದೀರ್ಘ ತಪ್ಪಿದ ಕಡೆ ತಿದ್ದಲು ನಮ್ಮ ಚಾಳಿನ ಮಾಸ್ತರರಿಗೆ ಹೇಳಿದ್ದೇನೆ. ಅಕ್ಷರ ತಿದ್ದಿರಿ, ನಾನು ಮಾಡಿದ್ದನ್ನು ತಿದ್ದಬೇಡಿ ಎಂದೂ ಹೇಳಿದ್ದೇನೆ.

ನನ್ನ ಹೆಸರು ನೀಲವ್ವ. ವಿಜಾಪುರದ ಕಡೆಯವಳು. ಗಂಡ ಧಾರಾವಿಯಲ್ಲಿ ಚರ್ಮ ಹದಮಾಡುವ ಕೆಲಸಕ್ಕಿದ್ದ. ಅವನು ತೀರಿಕೊಂಡಾಗ ನನಗೆ ಇಪ್ಪತ್ತನಾಲ್ಕು ವರ್ಷ, ಮಕ್ಕಳಿರಲಿಲ್ಲ. ಯಾರೋ ವಿಲೆ ಪಾರ್ಲೆಯ ಮಕ್ಕಳ ಮನೆಯಲ್ಲಿ ಹೆಂಗಸರು ಬೇಕಂತೆ ಅಂದರು, ಹೋದೆ. ಇರುವುದು ಉಣ್ಣುವುದು ಅಲ್ಲೇ. ಹೀಗೆ ಕೆಲಸ ಹಿಡಿದವಳು ನಾನು. ಮಕ್ಕಳ ಮೇಲಿನ ಮರುಕಕ್ಕೆ ಬಂದೆ ಎಂದು ಈಗ ಹೇಳಿದರೆ ಸುಳ್ಳಾಗುತ್ತದೆ.

ಅದು ಹಳೆಯ ಹೆಂಚಿನ ಬಂಗಲೆ. ನಲವತ್ತು ಮಕ್ಕಳು, ನಾವು ಮೂವರು ಆಯಾಗಳು. ಮಕ್ಕಳು ನಮ್ಮನ್ನು ಮಾವಶಿ, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದವು. ಸ್ಟೇಶನ್ನಿನಲ್ಲಿ ಸಿಕ್ಕವು, ತಾಯಿ ಆಸ್ಪತ್ರೆಯಲ್ಲಿ ಸತ್ತವು, ಅಪ್ಪ ಜೇಲಿನಲ್ಲಿರುವವು, ಎಲ್ಲಾ ತರಹದವು. ಮೇಲಿನವರು ಸುಮತಿಬಾಯಿ, ಮರಾಠಿಯವರು, ನಮ್ಮ ಸುಪರಿಂಟೆಂಡೆಂಟ್; ಎಲ್ಲರೂ ಬಾಯಿ ಎನ್ನುತ್ತಿದ್ದೆವು. ಬಿಳಿ ಸೀರೆ, ಕೊರಳಲ್ಲಿ ದಾರಕ್ಕೆ ತೂಗುಬಿಟ್ಟ ಕನ್ನಡಕ. ಅವರು ಒಮ್ಮೆಯೂ ಕೂಗಿ ಮಾತಾಡಿದ್ದು ನಾನು ಕೇಳಿಲ್ಲ. ಅದಕ್ಕೇ ಅವರೆಂದರೆ ನಮಗೆ ಹೆದರಿಕೆ ಹೆಚ್ಚು. ಅಡುಗೆಯವನು ಉಡುಪಿ ಕಡೆಯ ಸೀನಣ್ಣ. ಹೋಟೆಲಿನಲ್ಲಿ ಮಾಲಕರ ಜೊತೆ ಜಗಳಾಡಿ ನಮ್ಮಲ್ಲಿಗೆ ಬಂದವನು. ಅವನ ಕನ್ನಡ ನನಗೆ ಅರ್ಧ ತಿಳಿಯುತ್ತಿತ್ತು, ನನ್ನದು ಅವನಿಗೆ ಕಾಲುಭಾಗ.

ಮೊದಲ ತಿಂಗಳಲ್ಲೇ ಒಂದು ತಪ್ಪು ಮಾಡಿದೆ. ಒಬ್ಬ ಹುಡುಗಿ ದಿನಾ ಅರ್ಧ ಚಪಾತಿಯನ್ನು ತಲೆದಿಂಬಿನ ಕೆಳಗೆ ಇಡುತ್ತಿದ್ದಳು. ಇರುವೆ ಸಾಲು ಹಚ್ಚುತ್ತಿದ್ದವು. ನಾನು ಎಲ್ಲಾ ಬಳಿದು ಹೊರಗೆ ಎಸೆದೆ. ಆಕೆ ಎರಡು ದಿನ ತಟ್ಟೆ ಮುಟ್ಟಲಿಲ್ಲ. ಸೀನಣ್ಣ ನೋಡಿ ಅಂದ, "ಎಂತ ಮಾಡಿದ್ದು ನೀನು ಮಾರಾಯ್ತಿ? ನಾಳೆ ಸಿಗ್ತದೋ ಇಲ್ವೋ ಅಂತ ಇಟ್ಟದ್ದು ಅದು. ಇರುವೆ ಬಂದ್ರೆ ಇರುವೆಯನ್ನು ಓಡಿಸು, ಚಪಾತಿಯನ್ನಲ್ಲ." ಆಮೇಲೆ ಆಕೆಗೆ ಮುಚ್ಚಳವಿರುವ ಒಂದು ಡಬ್ಬಿ ಕೊಟ್ಟೆವು. ಆರು ತಿಂಗಳಿಗೆ ತಾನಾಗಿಯೇ ಅಡುಗೆಮನೆಗೆ ಮರಳಿ ತಂದು ಇಟ್ಟಳು. ಇಂಥದ್ದನ್ನು ನನಗೆ ಹೇಳಿಕೊಟ್ಟವನು ಅಡುಗೆಯವನು.

ಸುಮತಿಬಾಯಿಯವರದೂ ಒಂದು ತಪ್ಪಿತ್ತು. ನಾನು ಬರುವುದಕ್ಕೆ ಮೊದಲು ಒಬ್ಬ ಗಂಡಸು, ಇದು ನನ್ನ ಅಕ್ಕನ ಮಗಳು ಎಂದು ಇಬ್ಬರು ಸಾಕ್ಷಿ ಕರಕೊಂಡು ಬಂದಿದ್ದನಂತೆ. ಕೊಟ್ಟು ಕಳಿಸಿದರು. ನಾಲ್ಕು ತಿಂಗಳ ಮೇಲೆ ಅದೇ ಹುಡುಗಿ ದಾದರ ಸ್ಟೇಶನ್ನಿನ ಸೇತುವೆಯ ಮೇಲೆ ತಟ್ಟೆ ಹಿಡಿದು ಕೂತದ್ದನ್ನು ಬಾಯಿ ಕಣ್ಣಾರೆ ಕಂಡರು. ಪೊಲೀಸರನ್ನು ಕರೆತರುವುದರೊಳಗೆ ಅಲ್ಲಿರಲಿಲ್ಲ. ಮತ್ತೆ ಸಿಗಲೇ ಇಲ್ಲ. ಅಂದಿನಿಂದ ಅವರು ಕಟ್ಟುನಿಟ್ಟು ಮಾಡಿದರು. ಮಗು ಬಂದ ಕೂಡಲೇ ಅದರ ಮೈಮೇಲೆ ಏನಿದೆಯೋ ಅದೆಲ್ಲ ಅವರಿಗೆ ತೋರಿಸಬೇಕು. ಅವರು ರಿಜಿಸ್ಟರಿನಲ್ಲಿ ಬರೆಯಬೇಕು. ಆಮೇಲೆ ಕೇಳಿಕೊಂಡು ಬಂದವರು ಹೇಳುವ ಗುರುತು ಅದಕ್ಕೆ ಕೂಡಿದರೆ ಮಾತ್ರ ಕೊಡುವುದು. ಒಮ್ಮೆ ಶೇವಂತಾ ಎನ್ನುವ ಆಯಾ ಒಂದು ಮಗುವಿನ ಕಾಲುಚೈನು ಬರೆಸಲು ಮರೆತಳು. ಕದ್ದಳೋ ಮರೆತಳೋ ದೇವರಿಗೆ ಗೊತ್ತು. ಅವತ್ತೇ ಗಂಟು ಕಟ್ಟಿಕೊಂಡು ಗೇಟು ದಾಟಿದಳು. ಆ ಗಂಟು ನನ್ನ ಕಣ್ಣಿನಲ್ಲಿ ಕೂತಿತ್ತು.

ಎಪ್ಪತ್ತೊಂದರ ಡಿಸೆಂಬರಿನಲ್ಲಿ ಪಾಕಿಸ್ತಾನದ ಜೊತೆ ಯುದ್ಧ ಸುರುವಾಯಿತು. ನಮ್ಮಿಂದ ಸ್ವಲ್ಪ ದೂರದಲ್ಲೇ ವಿಮಾನ ನಿಲ್ದಾಣ. ಹೊತ್ತು ಮುಳುಗುವ ಮೊದಲು ಎಲ್ಲಾ ದೀಪ ಆರಬೇಕು, ಒಲೆಯ ಬೆಂಕಿ ಕೂಡ. ಅದಕ್ಕೆ ಬ್ಲಾಕೌಟು ಎನ್ನುತ್ತಿದ್ದರು. ಬಚ್ಚಲಮನೆಯ ಹಂಡೆಯ ಒಲೆ ಬಯಲಿಗೆ ಇತ್ತು, ಅದರ ಉರಿ ಮೇಲಿನಿಂದ ಕಾಣುತ್ತದೆಂದು ದೀಪ ಆರಿದೆಯೇ ಎಂದು ಬೀದಿ ಸುತ್ತುವ ವಾರ್ಡನ್ನು ಬಂದು ಸಿಳ್ಳೆ ಊದುತ್ತಿದ್ದ. ಕಿಟಕಿಗಳ ಗಾಜಿಗೆ ಕಪ್ಪು ಕಾಗದ ಅಂಟಿಸಿದೆವು. ಅಡುಗೆಮನೆಯ ಕಿಟಕಿಗೆ ಗಾಜಿರಲಿಲ್ಲ, ಸೀನಣ್ಣ ಕರಿ ಬಟ್ಟೆಯ ಪರದೆ ತಾನೇ ಹೊಲಿದು ಕಟ್ಟಿದ. ಸೈರನ್ನು ಕೂಗಿದರೆ ನಲವತ್ತು ಮಕ್ಕಳೂ ಮಂಚದ ಕೆಳಗೆ. ಯುದ್ಧ ಎರಡು ವಾರದಲ್ಲಿ ಮುಗಿಯಿತು. ನಮ್ಮ ಮಕ್ಕಳು ವಿಮಾನದ ಸಪ್ಪಳ ಕೇಳಿ ಮಂಚದ ಕೆಳಗೆ ಹೋಗುವುದು ಮುಂದಿನ ಮಳೆಗಾಲದ ತನಕ ನಿಲ್ಲಲಿಲ್ಲ. ಬೈದರೂ ಹೋಗುವುದೇ, ರಮಿಸಿದರೂ ಹೋಗುವುದೇ. ಕೊನೆಗೆ ನಾವೂ ಕೆಳಗೆ ಹೋಗಿ ಅವುಗಳ ಜೊತೆ ಕೂರುವುದನ್ನು ಕಲಿತೆವು.

ಆ ದಿನಗಳಲ್ಲಿ ಕತ್ತಲೆಯ ಗದ್ದಲದಲ್ಲಿ ಕಳೆದುಹೋದ ಮಕ್ಕಳನ್ನು ಪೊಲೀಸರು ತಂದು ಬಿಡುತ್ತಿದ್ದರು. ಒಂದು ಮಂಗಳವಾರ ಸಂಜೆ ಐದು ಮಕ್ಕಳು ಒಟ್ಟಿಗೆ ಬಂದವು. ಅದರಲ್ಲಿ ಒಂದು ಮೂರು ವರ್ಷದ ಹೆಣ್ಣು. ಮಾಹೀಮ್ ಸ್ಟೇಶನ್ನಿನಲ್ಲಿ ಸಿಕ್ಕಿದ್ದು. ಪೊಲೀಸರ ಚೀಟಿಯಲ್ಲಿ ಬರೆದದ್ದು ಇಷ್ಟೇ: ಹೆಣ್ಣು, ಕೊಳೆಯಾದ ಫ್ರಾಕು, ಮಾತಾಡುವುದಿಲ್ಲ. ತಲೆ ತುಂಬ ಹೇನು, ಮೈಗೆಲ್ಲ ಕಜ್ಜಿ.

ಹೊತ್ತು ಮುಳುಗಲು ಬಂದಿತ್ತು. ಸುಮತಿಬಾಯಿ ಗೇಟಿನ ಹತ್ತಿರ ಪೊಲೀಸರ ಜೊತೆ ಇದ್ದರು. ಒಲೆ ಆರಿಸುವುದರೊಳಗೆ ಐದು ಮಕ್ಕಳಿಗೆ ನೀರು ಹಾಕಬೇಕು, ಹೇನು ಹತ್ತಿದ ಬಟ್ಟೆ ಸುಡಬೇಕು. ನಾನು ಕತ್ತರಿ ತಗೊಂಡು ಆ ಹುಡುಗಿಯ ಕೂದಲು ಬುಡಕ್ಕೆ ಕತ್ತರಿಸಿದೆ. ಫ್ರಾಕು ಬಿಚ್ಚಿದೆ. ಸೊಂಟದಲ್ಲಿ ಉಡದಾರವಿತ್ತು, ಕೊಳೆ ಹಿಡಿದು ಹಗ್ಗದಂತಾಗಿತ್ತು. ಅದಕ್ಕೆ ಗೇಣುದ್ದ ದಾರ ಬಿಟ್ಟು ಒಂದು ಚಾವಿ ಕಟ್ಟಿದ್ದರು. ನಾನು ನೋಡಿದೆ. ನೋಡಿಲ್ಲ ಎಂದು ಹೇಳುವುದಿಲ್ಲ. ಉಡದಾರ ಕತ್ತರಿಸಿ, ಫ್ರಾಕಿನಲ್ಲಿ ಸುತ್ತಿ, ಚಾವಿ ಸಮೇತ ಒಲೆಗೆ ಹಾಕಿದೆ. ಹೊರಗೆ ವಾರ್ಡನ್ನಿನ ಸಿಳ್ಳೆ ಕೇಳಿಸುತ್ತಿತ್ತು. ನೀರು ಸುರಿದು ಉರಿ ಆರಿಸಿದೆ.

ಆಮೇಲೆ ಬಾಯಿ ರಿಜಿಸ್ಟರು ತೆರೆದು ಕೇಳಿದರು, "ಮೈಮೇಲೆ ಏನಾದರೂ ಇತ್ತೇ?"

"ಏನೂ ಇಲ್ಲ" ಅಂದೆ. ಇತ್ತು ಅಂದರೆ ತಾ ಅನ್ನುತ್ತಾರೆ, ತರಲು ಒಲೆ ಕೆದಕಬೇಕು. ಅಷ್ಟು ಸಣ್ಣ ಸುಳ್ಳು.

ಹೆಸರು ತಿಳಿಯದ ಮಕ್ಕಳಿಗೆ ಬಂದ ದಿನದ ಹೆಸರಿಡುವುದು ನಮ್ಮಲ್ಲಿ ಪದ್ಧತಿ. ಮಂಗಳವಾರ ಬಂದದ್ದಕ್ಕೆ ಮಂಗಲಾ. ಆಕೆ ಅಳಲಿಲ್ಲ, ಮಾತಾಡಲಿಲ್ಲ, ಕೊಟ್ಟದ್ದು ಉಂಡಳು. ಮಕ್ಕಳ ಜೊತೆ ಹಿಂದಿಯಲ್ಲೇ ಮಾತಾಡಬೇಕೆಂಬುದು ಮನೆಯ ನಿಯಮ, ನಾನೂ ಹಿಂದಿಯಲ್ಲೇ ಆಡಿದೆ. ಇದು ನಮ್ಮ ಕಡೆಯ ಕೂಸಿರಬಹುದು, ಒಂದು ಮಾತು ಕನ್ನಡದಲ್ಲಿ ಕೇಳೋಣ ಎಂದು ನನಗೆ ಹೊಳೆಯಲೇ ಇಲ್ಲ. ಅದೂ ನನ್ನ ತಪ್ಪೇ.

ಒಂದು ವಿಚಿತ್ರ ಚಾಳಿ ಮಾತ್ರ ಇತ್ತು. ನಾನು ಬಟ್ಟೆಯ ಕಪಾಟು ತೆರೆಯಲು ಹೋದರೆ ಸಾಕು, ಎಲ್ಲಿದ್ದರೂ ಬಂದು ಕಪಾಟಿಗೆ ಹೊಟ್ಟೆ ಹಚ್ಚಿ ನಿಲ್ಲುತ್ತಿದ್ದಳು. ನಿಂತು, ಎರಡೂ ಕೈಯಿಂದ ಫ್ರಾಕು ಮೇಲೆತ್ತುತ್ತಿದ್ದಳು. ನಾಚಿಕೆಯಿಲ್ಲದ ಚಾಳಿ ಎಂದುಕೊಂಡೆ. ಒಮ್ಮೆ ಗದರಿಸಿದೆ, ಇನ್ನೆರಡು ಸಲ ಕುಂಡಿಯ ಮೇಲೆ ಬಾರಿಸಿದೆ. ಆಮೇಲೆ ಕಪಾಟಿನ ಹತ್ತಿರ ಬರುವುದು ನಿಂತಿತು. ಸುಧಾರಿಸಿದಳು ಎಂದು ಬಾಯಿಗೆ ವರದಿ ಒಪ್ಪಿಸಿದೆ.

ಜನವರಿ ಮುಗಿಯುತ್ತ ಬಂದಾಗ ಒಬ್ಬ ಹೆಂಗಸು ಬಂದಳು. ಹೆಸರು ದುರುಗವ್ವ. ಅಂಧೇರಿಯಲ್ಲಿ ಕಟ್ಟುತ್ತಿದ್ದ ಒಂದು ಬಿಲ್ಡಿಂಗಿನಲ್ಲಿ ಗಂಡ ಹೆಂಡತಿ ಸಿಮೆಂಟು ಹೊರುವವರು, ನನ್ನ ಕಡೆಯವರೇ. ಬ್ಲಾಕೌಟಿನ ಸಂಜೆ ಅಂಧೇರಿ ಸ್ಟೇಶನ್ನಿನಲ್ಲಿ ಸೈರನ್ನು ಕೂಗಿ ಜನ ನುಗ್ಗಿದಾಗ ಮಗಳ ಕೈ ತಪ್ಪಿತಂತೆ. ಕೂಸು ಜನರ ಜೊತೆ ಲೋಕಲ್ಲಿನಲ್ಲಿ ಸೇರಿ ಹೋಗಿತ್ತು. ಇವಳು ಅಂಧೇರಿಯ ಪೊಲೀಸ್ ಚೌಕಿಯಲ್ಲೇ ದಿನಾ ಕೇಳುತ್ತಿದ್ದಳು, ಕೂಸು ಸಿಕ್ಕಿದ್ದು ಮಾಹೀಮಿನಲ್ಲಿ. ಇಷ್ಟು ತಿಳಿಯಲು ಏಳು ವಾರ ಬೇಕಾಯಿತು.

ಅವಳಿಗೆ ಹಿಂದಿ ಬರುತ್ತಿರಲಿಲ್ಲ. ಬಾಯಿ ನನ್ನನ್ನು ಕರೆದು ನಡುವೆ ನಿಲ್ಲಿಸಿದರು. "ಕೇಳು, ಮಗುವಿನ ಮೈಮೇಲೆ ಮಚ್ಚೆ, ಗಾಯ ಏನಾದರೂ ಇದೆಯೇ."

"ಏನೂ ಇಲ್ಲರೀ" ಅಂದಳು ದುರುಗವ್ವ. "ಒಂದ್ ಗಾಯ ಆಗಗೊಡಲಾರದಂಗ ಬೆಳಸೇನಿ."

"ಏನು ಹಾಕಿಕೊಂಡಿದ್ದಳು ಕೇಳು."

"ಹಸರ ಫ್ರಾಕ್ ರೀ. ಕೈಯಾಗ ಒಂದೊಂದ್ ಕರೇ ಬಳಿ. ಉಡದಾರಕ್ಕ ನಮ್ಮ ಟ್ರಂಕಿನ ಚಾವಿ ಕಟ್ಟಿದ್ದೆ. ನಮ್ಮ ಗುಡಿಸಲಿಗೆ ಕದ ಇಲ್ಲರೀ. ಚಾವಿ ಕೂಸಿನ ಮೈಮ್ಯಾಲ ಇದ್ರ ಯಾರೂ ಮುಟ್ಟೂದಿಲ್ಲ."

ನಾನು ಬಾಯಿಗೆ ಹಿಂದಿಯಲ್ಲಿ ಹೇಳಿದೆ: ಹಸಿರು ಫ್ರಾಕು, ಕಪ್ಪು ಬಳೆ.

ಬಾಯಿ ರಿಜಿಸ್ಟರು ನೋಡಿದರು. ಬಳೆ ಗದ್ದಲದಲ್ಲಿ ಒಡೆದಿರಬೇಕು, ಬರುವಾಗ ಇರಲಿಲ್ಲ. "ಹಸಿರು ಫ್ರಾಕು ಅರ್ಧ ಮುಂಬಯಿಯ ಮಕ್ಕಳು ಹಾಕುತ್ತಾರೆ. ಇನ್ನೂ ಏನೋ ಹೇಳಿದಳಲ್ಲ?"

"ಗುಡಿಸಲಿಗೆ ಬಾಗಿಲಿಲ್ಲ ಅಂತ ಹೇಳಿದಳು" ಅಂದೆ.

ದುರುಗವ್ವ ನನ್ನ ತುಟಿ ನೋಡುತ್ತಿದ್ದಳು, ತನ್ನ ಮಾತೆಲ್ಲ ದಾಟಿತು ಎಂದು ನಂಬಿಕೊಂಡು.

ಮಗುವನ್ನು ತರಲು ಹೇಳಿದರು. ಕರೆತಂದೆ. ಹೇನಿಗೆಂದು ಮತ್ತೆ ಮತ್ತೆ ಬೋಳಿಸುತ್ತಿದ್ದ ತಲೆ, ಮನೆಯ ನೀಲಿ ಫ್ರಾಕು. ದುರುಗವ್ವ ಎರಡೂ ಕೈ ಚಾಚಿದಳು. "ಯಲ್ಲವ್ವಾ" ಎಂದು ಕೂಸಿನ ಹೆಸರು ಹಿಡಿದು ಕರೆದಳು. ಮತ್ತೆ ನನ್ನ ಕಡೆ ತಿರುಗಿ, "ಕೂದಲಾ ಯಾರ್ ತಗದ್ರ ಯಕ್ಕಾ? ಆಕಿದು ಇನ್ನಾ ಜವಳಾ ಆಗಿಲ್ಲ. ಮೊದಲ ಕೂದಲಾ ದೇವಿಗಿ ಕೊಡ್ತೀನಿ ಅಂತ ಬೇಡಿಕೊಂಡಿದ್ದೆ" ಅಂದಳು.

ಹುಡುಗಿ ನನ್ನ ಸೀರೆಯ ಹಿಂದೆ ಹೋಗಿ ಮುಖ ಮುಚ್ಚಿಕೊಂಡಳು. ಎಷ್ಟು ಕರೆದರೂ ಹೊರಬರಲಿಲ್ಲ. ಸಣ್ಣ ಮಕ್ಕಳು ಹಾಗೇ ಮಾಡುತ್ತವೆ, ಬಿಟ್ಟುಹೋದವರ ಮೇಲಿನ ಸಿಟ್ಟು ಅದು. ಈಗ ನನಗೆ ಗೊತ್ತು. ಅವತ್ತು ಬಾಯಿಗೂ ಗೊತ್ತಿರಲಿಲ್ಲ. ಅವರು ಕನ್ನಡಕ ಏರಿಸಿಕೊಂಡು, "ಇವಳನ್ನು ಮಗು ಗುರುತಿಸಲಿಲ್ಲ" ಎಂದು ಬರೆದರು.

ದುರುಗವ್ವ ಪ್ರತಿ ಗುರುವಾರ ಬಂದಳು. ಒಮ್ಮೆ ಗಂಡನನ್ನು ಕರೆತಂದಳು, ಒಮ್ಮೆ ಕೆಲಸದ ಜಾಗದ ಇಬ್ಬರು ಹೆಂಗಸರನ್ನು. ಸಾಕ್ಷಿಯೆಂದರೆ ಬಾಯಿಗೆ ಆ ದಾದರಿನ ಸೇತುವೆ ನೆನಪಾಗುತ್ತಿತ್ತು. ಕೂಲಿಯವರ ಮೇಲಿನ ಮುಕಾದಮ ಕಾಗದ ಬರೆದುಕೊಡಲಿಲ್ಲ. ಫೋಟೋ ಇಲ್ಲ, ರೇಶನ್ ಕಾರ್ಡು ಇಲ್ಲ. ಪ್ರತಿ ಸಲ ಅವಳು ಅದೇ ಸೀರೆ ಉಟ್ಟು ಬರುತ್ತಿದ್ದಳು, ಕಂದು ಬಣ್ಣದ್ದು, ಅಂಚಿಗೆಲ್ಲ ಸಿಮೆಂಟು ಹಿಡಿದು ಗಡಸಾಗಿತ್ತು. ಬಾಯಿ ಅದನ್ನೂ ಬರೆದರು. ಫೈಲು ನನಗೆ ಓದಿ ಹೇಳಿದರು: ತಾಯಿ ಎಂದು ಹೇಳುವವಳು ಕೊಳಕು, ಪ್ರತಿ ಭೇಟಿಗೂ ಅದೇ ಬಟ್ಟೆ, ಮಗುವನ್ನು ಸಾಕುವ ಸ್ಥಿತಿಯವಳಲ್ಲ. ಫೆಬ್ರವರಿ ಮುಗಿಯುವುದರೊಳಗೆ ಮಗುವನ್ನು ಪುಣೆಯ ದೊಡ್ಡ ಅನಾಥಾಶ್ರಮಕ್ಕೆ ಕಳಿಸುವುದೆಂದು ತೀರ್ಮಾನವಾಯಿತು. ಅಲ್ಲಿಂದ ದತ್ತು ಕೊಡುತ್ತಾರೆ. ಕೊಟ್ಟರೆ ಮುಗಿಯಿತು.

ನನಗೆ ನಿದ್ದೆ ಬರಲಿಲ್ಲ ಎಂದು ಬರೆಯಬಹುದು. ಆದರೆ ನಿದ್ದೆ ಬರುತ್ತಿತ್ತು. ದಿನಕ್ಕೆ ನಲವತ್ತು ಮಕ್ಕಳ ಬಟ್ಟೆ ಒಗೆದವಳಿಗೆ ಬರದೆ ಇರುತ್ತದೆಯೇ? ಆದರೆ ಎದ್ದ ಕೂಡಲೇ ಆ ಚಾವಿ ನೆನಪಾಗುತ್ತಿತ್ತು, ಅದರ ಹಿಂದೆಯೇ ಶೇವಂತಾಳ ಗಂಟು.

ಒಂದು ಗುರುವಾರ ದುರುಗವ್ವನನ್ನು ಗೇಟಿನ ತನಕ ಬಿಡಲು ಹೋದೆ. ಮನಸ್ಸಿನ ಉರಿಯನ್ನು ಅವಳ ಮೇಲೆಯೇ ತೀರಿಸಿಕೊಳ್ಳಲು ಗದರಿಸಿದೆ. "ದೊಡ್ಡವ್ರ ಮುಂದ ಬರೂವಾಗ ಒಂದ್ ಛಲೋ ಸೀರಿ ಉಡಬಾರದೇನವಾ? ಈ ಹೊಲಸ ಸೀರಿ ನೋಡೇ ಅವ್ರು ಕೊಡವಲ್ಲರು."

"ಇರೂದ ಎರಡ ಇನ್ನ. ಎರಡೂ ಟ್ರಂಕಿನಾಗ ಅದಾವ" ಅಂದಳು.

"ತಗದ್ ಉಡು ಮತ್ತ."

"ಹ್ಯಾಂಗ ತಗೀಲಿ? ಚಾವಿ ಆಕಿ ನಡದಾಗ ಐತಿ."

ಅವಳೇ ಮುಂದುವರಿಸಿದಳು. "ನಮ್ಮನಿಯಾಂವ ಕಲ್ಲ ತಗೊಂಡು ಕೀಲಿ ಒಡೀತೀನಿ ಅಂದ. ನಾ ಬ್ಯಾಡ ಅಂದೆ. ಒಡದ್ವಿ ಅಂದ್ರ ಆಕಿ ಬರೂದಿಲ್ಲ ಅಂತ ನಾವ ಹೇಳಿದಂಗ ಆತು. ಅರ್ಧಾ ಸೀರಿ ಒಗದು ಒಣಗಿಸ್ತೀನಿ, ಅದು ಒಣಗಿದ ಮ್ಯಾಲ ಇನ್ನರ್ಧ. ಸಿಮಿಟ್ ಹೋಗೂದಿಲ್ಲ, ಏನ್ ಮಾಡ್ಲಿ?"

"ಮಂದಿ ಸೀರಿ ಇಸಕೊಂಡು ಉಡಬೇಕಿಲ್ಲ?"

"ಆಕಿ ಕೈ ತಪ್ಪಿದಾಗ ಇದ ಉಟ್ಟಿದ್ದೆ ಯಕ್ಕಾ. ಬ್ಯಾರೆ ಸೀರಿ ಉಟ್ಟು ಬಂದ್ರ ಆಕಿಗಿ ನನ್ನ ಗುರ್ತ ಹ್ಯಾಂಗ ಸಿಗಬೇಕು?"

ಅವಳು ಹೋದಳು. ನಾನು ಸೀದಾ ಅಡುಗೆಮನೆಗೆ ನಡೆದೆ. ಕಬ್ಬಿಣ ಸುಟ್ಟು ಬೂದಿಯಾಗುವುದಿಲ್ಲ. ಹಂಡೆಯ ಒಲೆಯ ಬೂದಿಯೆಲ್ಲ ಸೀನಣ್ಣನ ಪಾತ್ರೆ ತಿಕ್ಕುವ ಡಬ್ಬಿಗೆ ಹೋಗುತ್ತಿತ್ತು.

"ಸೀನಣ್ಣಾ, ಯುದ್ಧದ ಟೈಮಿನಾಗ ಬೂದ್ಯಾಗ ಒಂದ್ ಚಾವಿ ಸಿಕ್ಕಿತ್ತೇನು?"

ಅವನು ಸೌಟು ಹಿಡಿದು ಯೋಚಿಸಿದ. "ಚಾವಿಯಾ? ಬೂದಿಯಲ್ಲಿ ನನಗೆ ಎಂತೆಂತದೋ ಸಿಗ್ತದೆ. ಗುಂಡಿ, ಪಿನ್ನು, ಒಮ್ಮೆ ಒಂದು ಹಲ್ಲು. ಚಾವಿ... ಉಂಟುಂಟು. ಕರ್ಟನಿಗೆ ಹಾಕಿದೆ."

"ಏನ್ ಹಾಕಿದಿ?"

"ಆ ಕರಿ ಕರ್ಟನು ಗಾಳಿಗೆ ಹಾರ್ತಿತ್ತಲ್ವಾ? ಲೈಟ್ ಹೊರಗೆ ಬೀಳ್ತದೆ ಅಂತ ವಾರ್ಡನ್ ನನ್ನ ತಲೆ ತಿಂತಿದ್ದ. ಭಾರಕ್ಕೆ ಅಂತ ಕಬ್ಬಿಣದ್ದು ಎಂತ ಸಿಕ್ಕಿತೋ ಅದನ್ನೆಲ್ಲ ಅಡಿಯಲ್ಲಿ ಹಾಕಿ ಹೊಲಿದೆ. ಯಾಕೆ, ನಿನ್ನ ತಿಜೋರಿಯದ್ದಾ?"

ಪರದೆಯನ್ನು ಬಿಸಾಡಿರಲಿಲ್ಲ. ಮತ್ತೆ ಯುದ್ಧ ಬಂದರೆ ಬೇಕಾಗುತ್ತದೆ ಎಂದು ಮಡಚಿ ಅಟ್ಟದ ಮೇಲೆ ಇಟ್ಟಿದ್ದರು. ನಾನು ಏಣಿ ಹಾಕಿ ಹತ್ತಿದೆ, ಸೀನಣ್ಣ ಏಣಿ ಹಿಡಿದು ಕೆಳಗಿನಿಂದ, ಬಿದ್ದರೆ ನನ್ನ ಮೇಲೆ ಬೀಳಬೇಡ ಮಾರಾಯ್ತಿ ಎಂದು ಹೇಳುತ್ತಿದ್ದ. ಪರದೆಯ ಕೆಳಗಿನ ಅಂಚು ಹಿಡಿದು ಬೆರಳಿನಿಂದ ಒತ್ತುತ್ತ ಹೋದೆ. ಒಂದು ಬೋಲ್ಟು, ಮುರಿದ ಚಮಚ, ಎರಡು ಮೊಳೆ. ಮೂಲೆಯಲ್ಲಿ ಚಾವಿ. ಗೋಣಿ ಸೂಜಿಯ ಹೊಲಿಗೆ ಹಲ್ಲಿನಿಂದ ಕಡಿದು ತೆಗೆದೆ. ಚಾವಿ ಸುಟ್ಟು ಕರ್ರಗಾಗಿತ್ತು, ಅದರ ಹಲ್ಲುಗಳು ಹಾಗೇ ಇದ್ದವು.

ಸುಮತಿಬಾಯಿಯ ಟೇಬಲ್ಲಿನ ಮೇಲೆ ಇಟ್ಟೆ. ಎಲ್ಲಾ ಹೇಳಿದೆ, ಒಲೆಗೆ ಹಾಕಿದ್ದು, ಏನೂ ಇಲ್ಲ ಅಂದದ್ದು, ಅವಳ ಮಾತನ್ನು ಅರ್ಧಕ್ಕೆ ನುಂಗಿದ್ದು.

ಬಾಯಿ ಚಾವಿಯನ್ನು ಎತ್ತಿ ಹಿಂದೆ ಮುಂದೆ ತಿರುಗಿಸಿ ನೋಡಿದರು. "ಮೊದಲ ದಿನವೇ ಅವಳು ಹೇಳಿದ್ದಳೇ?"

"ಹೌದು."

"ನೀನು ನನಗೆ ಗುಡಿಸಲಿನ ಬಾಗಿಲಿನ ಕಥೆ ಹೇಳಿದೆ."

"ಹೌದು."

"ಕೆಲಸದ ವಿಚಾರ ಆಮೇಲೆ ಮಾತಾಡೋಣ" ಅಂದರು. ದನಿ ಏರಲಿಲ್ಲ. "ಹೋಗಿ ಅವಳಿಗೆ ಟ್ರಂಕು ತರಲು ಹೇಳು. ಚಾವಿ ಸಿಕ್ಕಿದೆ ಎಂದು ಬಾಯಿಬಿಡಬೇಡ. ನಾನು ನನ್ನ ಕಣ್ಣಿನಿಂದ ನೋಡಬೇಕು."

ಅವತ್ತೇ ಅಂಧೇರಿಗೆ ಹೋದೆ. ದುರುಗವ್ವ ತಲೆಯ ಮೇಲೆ ಬುಟ್ಟಿ ಹೊತ್ತು ಹಲಗೆ ಏರುತ್ತಿದ್ದಳು. ಟ್ರಂಕು ತಗೊಂಡು ಬಾ ಅಂದೆ.

"ಟ್ರಂಕ್ ಯಾಕ? ಚಾವಿ ಸಿಕ್ಕೈತೇನು?"

ನಾನು ನೆಲ ನೋಡಿದೆ. "ತಗೊಂಡ್ ಬಾ ಅಂದ್ರ ತಗೊಂಡ್ ಬಾ."

ಮರುದಿನ ಬೆಳಿಗ್ಗೆ ಬಂದಳು. ಟ್ರಂಕು ಬಸ್ಸಿನಲ್ಲಿ ಹತ್ತಿಸಿಕೊಳ್ಳಲಿಲ್ಲವೆಂದು ತಲೆಯ ಮೇಲೆ ಹೊತ್ತು ನಡೆದೇ ಬಂದಿದ್ದಳು. ಹಿಂದೆ ಗಂಡ. ಸಣ್ಣ ತಗಡಿನ ಟ್ರಂಕು, ಮುಚ್ಚಳದ ಮೇಲೆ ಗುಲಾಬಿ ಹೂವಿನ ಬಣ್ಣ ಅಳಿಸಿತ್ತು. ಕೀಲಿ ಹಾಗೇ ಇತ್ತು, ಒಂದು ಕಡೆ ಕಲ್ಲಿನ ಏಟಿನ ಗುರುತು. ಗಂಡ ಒಂದು ಏಟು ಹಾಕಿದ್ದ, ಅಷ್ಟರಲ್ಲಿ ಇವಳು ಕೈ ಹಿಡಿದಿದ್ದಳು.

ಬಾಯಿ ನನ್ನನ್ನು ನಡುವೆ ನಿಲ್ಲಿಸಲಿಲ್ಲ. ಸೀನಣ್ಣನನ್ನು ಕರೆಸಿದರು. ಅವನು ಕೈ ಒರೆಸಿಕೊಳ್ಳುತ್ತ ಬಂದು ಹೇಳಿದ, "ಬಾಯಿ, ಇವರ ಕನ್ನಡ ಬೇರೆ, ನಮ್ಮದು ಬೇರೆ. ನನಗೆ ಅರ್ಧ ತಿಳಿಯುದಿಲ್ಲ."

"ಪರವಾಗಿಲ್ಲ. ತಿಳಿದ ಅರ್ಧವನ್ನಾದರೂ ಸರಿಯಾಗಿ ಹೇಳುತ್ತೀಯಲ್ಲ" ಅಂದರು. ನನ್ನ ಕಡೆ ನೋಡಲಿಲ್ಲ.

"ಒಳಗೆ ಎಂತ ಉಂಟು ಅಂತ ಕೇಳ್ತಾರೆ" ಅಂದ ಸೀನಣ್ಣ.

ದುರುಗವ್ವ ಹೇಳಿದಳು. ಎರಡು ಸೀರೆ, ಒಂದು ಹಸಿರು, ಒಂದು ಕೆಂಪು. ಗಂಡ ಮದುವೆಯಲ್ಲಿ ತಲೆಗೆ ಸುತ್ತಿದ ಪಟಕ. ಕೂಸಿನ ಕುಲಾಯಿ. ಒಂದು ಸಣ್ಣ ಕನ್ನಡಿ. ಕುಲಾಯಿ ಎಂದರೆ ಸೀನಣ್ಣನಿಗೆ ತಿಳಿಯಲಿಲ್ಲ, ನನ್ನ ಮುಖ ನೋಡಿದ. ನಾನು ನಡುವೆ ಬರುವಂತಿರಲಿಲ್ಲ. ಅವಳೇ ತಲೆಗೆ ಕೈ ಇಟ್ಟು ಗಲ್ಲದ ಕೆಳಗೆ ಗಂಟು ಹಾಕುವಂತೆ ತೋರಿಸಿದಳು. ಬಾಯಿ ಎಲ್ಲಾ ಬರೆದುಕೊಂಡರು.

ಆಮೇಲೆ ನನಗೆ ಮಗುವನ್ನು ತರಲು ಹೇಳಿದರು. ಕರೆತಂದೆ. ಎಂದಿನ ಹಾಗೆ ನನ್ನ ಸೀರೆಯ ಹಿಂದೆ ಸೇರಿದಳು.

ಬಾಯಿ ಡ್ರಾಯರಿನಿಂದ ಚಾವಿ ತೆಗೆದರು. ದುರುಗವ್ವ ಅದನ್ನು ಕಂಡಳು. ಕೈ ಚಾಚಲಿಲ್ಲ, ತುಟಿ ಮಾತ್ರ ಬಿಗಿಹಿಡಿದಳು. ಬಾಯಿ ತಾವೇ ನೆಲಕ್ಕೆ ಕೂತು ಚಾವಿಯನ್ನು ಕೀಲಿಗೆ ಹಾಕಿ ತಿರುಗಿಸಿದರು. ತಿರುಗಲಿಲ್ಲ. ಇನ್ನೊಮ್ಮೆ ತಿರುಗಿಸಿದರು. ಇಲ್ಲ. ಗಂಡ ಗೋಡೆಗೆ ಒರಗಿದ. ಕಲ್ಲಿನ ಏಟಿಗೆ ಕೀಲಿ ಕೆಟ್ಟಿದ್ದರೆ, ಬೆಂಕಿಗೆ ಚಾವಿ ಕೆಟ್ಟಿದ್ದರೆ, ಕಾರಣ ಯಾವುದಾದರೂ ಆ ಹುಡುಗಿ ಪುಣೆಗೆ ಹೋಗುತ್ತಾಳೆ.

"ಎಣ್ಣೆ" ಎಂದು ಸೀನಣ್ಣ ಓಡಿದ. ಕೊಬ್ಬರಿ ಎಣ್ಣೆಯ ಬಟ್ಟಲು ತಂದು ಎರಡು ಹನಿ ಬಿಟ್ಟ.

ಅಷ್ಟರಲ್ಲಿ ನನ್ನ ಸೀರೆ ಹಗುರಾಯಿತು. ಹುಡುಗಿ ಕೈ ಬಿಟ್ಟಿದ್ದಳು. ಬಾಯಿಯವರನ್ನು ಬಳಸಿ ಹೋಗಿ ಟ್ರಂಕಿಗೆ ಹೊಟ್ಟೆ ಹಚ್ಚಿ ನಿಂತಳು. ನಿಂತು, ಎರಡೂ ಕೈಯಿಂದ ಫ್ರಾಕು ಮೇಲೆತ್ತಿದಳು.

ಬಾಯಿಗೆ ಅರ್ಥವಾಗಲಿಲ್ಲ. ನನಗೆ ಆಯಿತು. ಗೇಣುದ್ದದ ದಾರ. ಚಾವಿ ಮೈಯಿಂದ ಬಿಚ್ಚುತ್ತಿರಲಿಲ್ಲ. ಟ್ರಂಕು ತೆಗೆಯಬೇಕೆಂದರೆ ಕೂಸು ಬಂದು ಹೀಗೆ ಒತ್ತಿ ನಿಲ್ಲಬೇಕು, ಆಗ ಚಾವಿ ಕೀಲಿಗೆ ನಿಲುಕುತ್ತದೆ. ದಿನಾ ಮಾಡಿದ ಕೆಲಸ. ನನ್ನ ಕಪಾಟಿನ ಹತ್ತಿರವೂ ಅದನ್ನೇ ಮಾಡಲು ಬಂದಿದ್ದಳು. ಎರಡು ಸಲ ಬಾರಿಸಿ ಬಿಡಿಸಿದ್ದೆ.

ದುರುಗವ್ವ ಬಾಯಿಯವರ ಕೈಯಿಂದ ಚಾವಿ ತಗೊಂಡಳು. ಕೂಸಿನ ಹಿಂದೆ ಕೂತು, ಅದರ ಸೊಂಟದ ಪಕ್ಕದಿಂದ ಕೈ ಹಾಯಿಸಿ, ಕೀಲಿಯನ್ನು ಸ್ವಲ್ಪ ಎತ್ತಿ, ಚಾವಿ ಒತ್ತಿ ತಿರುಗಿಸಿದಳು. ಅವಳ ಕೈಗೆ ಗೊತ್ತಿತ್ತು. ಟಕ್ ಅಂತು.

"ಆತ ನೋಡವಾ" ಅಂದಳು ಮಗಳಿಗೆ, ನಿನ್ನೆಯೂ ಇದನ್ನೇ ಹೇಳಿದವಳ ಹಾಗೆ. ಹುಡುಗಿ ಫ್ರಾಕು ಕೆಳಗೆ ಬಿಟ್ಟು ಟ್ರಂಕಿನೊಳಗೆ ಕೈ ಹಾಕಿ ಕುಲಾಯಿ ಎಳೆದಳು, ಬೋಳು ತಲೆಗೆ ಇಟ್ಟುಕೊಂಡಳು. ಅದು ಸಣ್ಣದಾಗಿತ್ತು. ಗಲ್ಲ ಮುಂದೆ ಮಾಡಿ ಅವ್ವನ ಮುಂದೆ ನಿಂತಳು, ಕಟ್ಟು ಎಂದು.

ಸುಮತಿಬಾಯಿ ಎದ್ದು ಕಿಟಕಿಯ ಕಡೆ ತಿರುಗಿ ಕನ್ನಡಕ ಒರೆಸಿದರು. ಆಮೇಲೆ ರಿಜಿಸ್ಟರು ತೆಗೆದು, ಮೈಮೇಲಿನ ವಸ್ತು ಎಂಬ ಕಡೆ ಹೊಡೆದಿದ್ದ ಗೀಟಿನ ಮೇಲೆ, ಒಂದು ಚಾವಿ ಎಂದು ಬರೆದರು. ನನ್ನ ಕೈಯಿಂದ ಅದರ ಕೆಳಗೆ ಸಹಿ ಹಾಕಿಸಿದರು. ಅವರು ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ಯಾಕೆಂದು ಹೇಳಲಿಲ್ಲ, ನಾನೂ ಕೇಳಲಿಲ್ಲ. ಮರುದಿನದಿಂದ ಪ್ರತಿ ಮಗುವಿಗೂ ಒಂದು ಬಟ್ಟೆಯ ಚೀಲ. ಮೈಮೇಲಿನದು ಹರಕು ದಾರವಾದರೂ ಅದರಲ್ಲಿ ಹಾಕಿ, ಚೀಲದ ಬಾಯಿ ಹೊಲಿದು ಇಡುವುದು. ಹೇನು ಹತ್ತಿದ ಬಟ್ಟೆಯನ್ನು ಕುದಿಸುವುದು, ಸುಡುವುದಲ್ಲ. ಹೊಲಿಯುವ ಕೆಲಸ ನನ್ನದು. ನಾನು ಕೆಲಸ ಬಿಡುವ ದಿನದ ತನಕ ನಾನೇ ಹೊಲಿದೆ.

ದುರುಗವ್ವ ಕಾಗದಕ್ಕೆ ಹೆಬ್ಬೆಟ್ಟು ಒತ್ತಿ, ಬಚ್ಚಲು ಎಲ್ಲಿದೆ ಎಂದು ಕೇಳಿದಳು. ನಾನು ಬಿಸಿನೀರು ತೋಡಿಕೊಟ್ಟೆ. ಅಲ್ಲಿ ಇಬ್ಬರೇ ಇದ್ದಾಗ ಹೇಳಿದೆ, ಚಾವಿ ಒಲೆಗೆ ಹಾಕಿದವಳು ನಾನು, ಅವತ್ತು ನಿನ್ನ ಮಾತು ದಾಟಿಸದೆ ಇದ್ದವಳೂ ನಾನು.

ಅವಳು ತಂಬಿಗೆ ಹಿಡಿದು ನಿಂತಳು. ಬೈಯುತ್ತಾಳೆ, ಹೊಡೆದರೂ ಹೊಡೆಯಲಿ ಅಂದುಕೊಂಡೆ.

"ಅವತ್ತ ಹೇಳಿದ್ದರ" ಅಂದಳು, "ಈ ಸೀರಿ ಅವತ್ತ ಬಿಚ್ಚತಿದ್ದೆ."

ಅಷ್ಟೇ. ಮೈ ತೊಳೆದು ಹಸಿರು ಸೀರೆ ಉಟ್ಟು ಹೊರಬಂದಳು. ಕಂದು ಸೀರೆ ಕಲ್ಲಿನ ಮೇಲೆ ಮುದ್ದೆಯಾಗಿ ಬಿದ್ದಿತ್ತು. ರೂಢಿಯ ಕೈ, ನಾನು ಅದನ್ನು ಎತ್ತಿಕೊಂಡು ಹಂಡೆಯ ಒಲೆಯ ತನಕ ಹೋದೆ. ಉರಿ ಚೆನ್ನಾಗಿತ್ತು. ಅಲ್ಲಿ ನಿಂತು ತಿರುಗಿ ಕೇಳಿದೆ.

"ಇದನ್ನ ಒಲಿಗೆ ಹಾಕಲೇನ?"

ದುರುಗವ್ವ ಕೂಸಿನ ಸೊಂಟಕ್ಕೆ ಹೊಸ ಉಡದಾರ ಕಟ್ಟುತ್ತಿದ್ದಳು. ತಲೆ ಎತ್ತಲಿಲ್ಲ.

"ಬ್ಯಾಡ. ಕೌದಿ ಹೊಲ್ಯಾಕ ಬರ್ತದ. ಕೊಡಿಲ್ಲಿ" ಅಂದಳು.

ಮಡಚಿ ಕೊಟ್ಟೆ.